ಬಿಲ್ಡ್ ನಿಲ್ಲಿಸದ ನಿಯಮ

ಪುಣೆಯ ತಂತ್ರಾಂಶ ತಂಡಗಳಲ್ಲಿ ಬಿಲ್ಡ್‌ನ ಹೊಣೆ ಹೊತ್ತಿರುವ ಕನ್ನಡದ ಇಂಜಿನಿಯರುಗಳಿಗೆ ಬಹಿರಂಗ ಪತ್ರ

ಪ್ರೋಗ್ರಾಮನ್ನು ಓಡಿಸದೆ, ಅದರ ಕೋಡನ್ನು ಓದಿಯೇ ತಪ್ಪು ಹುಡುಕುವ ಕೆಲಸಕ್ಕೆ ಸ್ಟ್ಯಾಟಿಕ್ ಅನಾಲಿಸಿಸ್ ಎಂದು ಹೆಸರು. ಓದುವುದು ಇನ್ನೊಂದು ಪ್ರೋಗ್ರಾಮು. ಅದರ ಕೈಯಲ್ಲಿ ನಿಯಮಗಳ ಪಟ್ಟಿ ಇರುತ್ತದೆ. ಕೆಲವು ನಿಯಮಗಳು ಕೋಡಿನ ಮೇಲ್ಮೈಯನ್ನಷ್ಟೇ ನೋಡುತ್ತವೆ: ಇಫ್ ಆದ ಮೇಲೆ ಬ್ರೇಸ್ ಇದೆಯೇ, ಸ್ವಿಚ್‌ಗೆ ಡಿಫಾಲ್ಟ್ ಇದೆಯೇ. ಕೆಲವು ಆಳಕ್ಕಿಳಿಯುತ್ತವೆ: ಒಂದು ಫಂಕ್ಷನ್‌ನಲ್ಲಿ ಹುಟ್ಟಿದ ನಲ್ ಬೆಲೆ ಮೂರು ಫೈಲ್ ದಾಟಿ ಎಲ್ಲಿ ಬಳಕೆಯಾಗುತ್ತದೆ, ಅರೇಯ ಗಡಿ ಮೀರುವ ಇಂಡೆಕ್ಸ್ ಯಾವ ದಾರಿಯಿಂದ ಬರಬಹುದು ಎಂದು ಲೆಕ್ಕ ಹಾಕುತ್ತವೆ. ಮೊದಲ ಬಗೆಗೆ ಕ್ಷಣ ಸಾಕು. ಎರಡನೆಯದು ದೊಡ್ಡ ಕೋಡ್‌ಬೇಸಿನ ಮೇಲೆ ಗಂಟೆಗಟ್ಟಲೆ ಓಡಬಹುದು. ಇಂಥ ಟೂಲು ಕಂಪನಿಯಲ್ಲಿ ಇರುವುದೇ ಬೇರೆ, ಅದರ ನಿಯಮ ಬಿಲ್ಡ್‌ನಲ್ಲಿ ಜಾರಿಯಲ್ಲಿರುವುದೇ ಬೇರೆ. ಈ ಪತ್ರ ಎರಡನೆಯದರ ಬಗ್ಗೆ.

ಇವೆರಡೂ ಬೇರೆಯಾಗಿದ್ದಕ್ಕೆ ಒಂದು ಇತಿಹಾಸವಿದೆ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ 1978ರಲ್ಲಿ ಸಿ ಭಾಷೆಗೆ ಲಿಂಟ್ ಬರೆದರು. ಕಂಪೈಲರ್ ಬೇಗ ಮುಗಿಯಬೇಕು, ಅದರ ಕೆಲಸ ಕೋಡನ್ನು ಯಂತ್ರಕ್ಕೆ ಇಳಿಸುವುದು. ಎಲ್ಲ ಫೈಲ್‌ಗಳನ್ನೂ ಒಟ್ಟಿಗೆ ನೋಡಿ ಅನುಮಾನ ಪಡುವ ಕೆಲಸ ಲಿಂಟ್‌ನದು ಎಂಬ ಹಂಚಿಕೆ ಆಗ ನಡೆಯಿತು. ಅಂದಿನ ಯಂತ್ರಗಳ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ. ಆದರೆ ಪರೀಕ್ಷೆ ಎಂಬುದು ಬೇಕಾದವರು ಓಡಿಸುವ, ಬೇಡವಾದವರು ಬಿಡಬಹುದಾದ ಬೇರೊಂದು ಆಜ್ಞೆ ಎಂಬ ರೂಢಿಯೂ ಅಲ್ಲಿಂದಲೇ ಬಂತು. ಯಂತ್ರಗಳು ಸಾವಿರಾರು ಪಟ್ಟು ವೇಗವಾದವು, ರೂಢಿ ಮಾತ್ರ ಹಾಗೇ ಉಳಿಯಿತು. ಲೈಸೆನ್ಸ್ ಖರೀದಿಯಾಗಿರುತ್ತದೆ, ವಾರಕ್ಕೊಮ್ಮೆ ರಿಪೋರ್ಟ್ ಮೇಲ್‌ಗೆ ಬರುತ್ತದೆ, ಅದನ್ನು ತೆರೆಯುವವರು ಇರುವುದಿಲ್ಲ.

ಪುಣೆಗೆ ಈ ವಿಷಯ ಹೊಸದಲ್ಲ. ಫಕೀರ್‌ಚಂದ್ ಕೊಹ್ಲಿಯವರ ಮುಂದಾಳತ್ವದಲ್ಲಿ ಟಿಸಿಎಸ್ 1981ರಲ್ಲಿ ಇಲ್ಲಿ ಟಾಟಾ ರಿಸರ್ಚ್ ಡೆವಲಪ್‌ಮೆಂಟ್ ಅಂಡ್ ಡಿಸೈನ್ ಸೆಂಟರನ್ನು ಆರಂಭಿಸಿತು. ಕಾನ್ಪುರ ಐಐಟಿಯಿಂದ ಬಂದ ಇ. ಸಿ. ಸುಬ್ಬರಾವ್ ಅದನ್ನು ಕಟ್ಟಿದರು. ಹಡಪಸರದ ಆ ಕೇಂದ್ರದಿಂದ ಟಿಸಿಎಸ್ ಎಂಬೆಡೆಡ್ ಕೋಡ್ ಅನಲೈಸರ್ ಎಂಬ ಟೂಲ್ ಬಂತು. ಸೊನ್ನೆಯಿಂದ ಭಾಗಿಸುವುದು, ಅರೇಯ ಗಡಿ ಮೀರುವುದು, ಪೂರ್ಣಾಂಕ ಉಕ್ಕಿ ಹರಿಯುವುದು, ಬೆಲೆ ಕೊಡದ ವೇರಿಯಬಲ್ ಬಳಸುವುದು, ನಲ್ ಪಾಯಿಂಟರ್ ಮುಟ್ಟುವುದು, ಇಂಥವನ್ನು ಅದು ಸಿ ಕೋಡಿನಲ್ಲಿ ಹುಡುಕುತ್ತದೆ. ಅದೇ ಗುಂಪಿನ ವೆರಿಆಬ್ಸ್ ಎಂಬ ಟೂಲ್ ತಂತ್ರಾಂಶ ಪರಿಶೀಲನೆಯ ಎಸ್‌ವಿ-ಕಾಂಪ್ ಅಂತರರಾಷ್ಟ್ರೀಯ ಸ್ಪರ್ಧೆಯ ರೀಚ್‌ಸೇಫ್ಟಿ ವಿಭಾಗದಲ್ಲಿ 2020 ಮತ್ತು 2021ರಲ್ಲಿ ಮೊದಲ ಸ್ಥಾನ ಪಡೆಯಿತು. ಹಿಂಜವಡಿಯಲ್ಲಿ ಕೂತು ವಿದೇಶದ ಟೂಲ್‌ನ ಲೈಸೆನ್ಸ್‌ಗೆ ಅರ್ಜಿ ಹಾಕುವ ಎಷ್ಟೋ ತಂಡಗಳಿಗೆ ಹಡಪಸರದ ಈ ಸಂಗತಿ ಗೊತ್ತಿರುವುದಿಲ್ಲ.

ಇಲ್ಲಿ ಈ ವಿದ್ಯೆ ಬೇರೂರಲು ವಾಹನ ಉದ್ಯಮವೂ ಕಾರಣ. ಪಿಂಪ್ರಿ, ಆಕುರ್ಡಿ, ಚಾಕಣ್‌ನ ಕಾರ್ಖಾನೆಗಳು, ಕೋಥ್ರೂಡ್ ಬಳಿ ವೇತಾಳ ಗುಡ್ಡದ ಮೇಲೆ 1966ರಿಂದ ಇರುವ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್, ಇವುಗಳ ಸುತ್ತ ಬ್ರೇಕು, ಇಂಜಿನ್, ಬ್ಯಾಟರಿಗಳ ಕಂಟ್ರೋಲರ್‌ಗೆ ಸಿ ಕೋಡ್ ಬರೆಯುವ ತಂಡಗಳು ಬೆಳೆದವು. ಬೆಳಗಾವಿ, ಹುಬ್ಬಳ್ಳಿ, ವಿಜಯಪುರ, ಸೊಲ್ಲಾಪುರದ ಕಡೆಯಿಂದ ಇಂಜಿನಿಯರಿಂಗ್ ಮುಗಿಸಿ ಬಂದ ಕನ್ನಡಿಗರು ಈ ತಂಡಗಳಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಮಿಸ್ರಾ ಎಂಬ ಹೆಸರು ಪರಿಚಿತ. ಬ್ರಿಟನ್ನಿನ ವಾಹನ ಉದ್ಯಮದಿಂದ ಹೊರಟ ಈ ನಿಯಮಾವಳಿ 1998ರಲ್ಲಿ 127 ನಿಯಮಗಳೊಂದಿಗೆ ಮೊದಲು ಪ್ರಕಟವಾಯಿತು. ಮಿಸ್ರಾ ಸಿ 2012 ಎಂದು ಕರೆಯುವ ಆವೃತ್ತಿಯಲ್ಲಿ 143 ನಿಯಮಗಳೂ 16 ನಿರ್ದೇಶನಗಳೂ ಇದ್ದವು. ವಾಹನಗಳ ಎಲೆಕ್ಟ್ರಾನಿಕ್ ಸುರಕ್ಷತೆಗೆ 2011ರಲ್ಲಿ ಬಂದ ಐಎಸ್ಒ 26262 ಮಾನದಂಡವೂ ಸ್ಟ್ಯಾಟಿಕ್ ಅನಾಲಿಸಿಸ್ ಅನ್ನು ಶಿಫಾರಸು ಮಾಡುತ್ತದೆ. ಹೀಗಾಗಿ ವಾಹನದ ಕೋಡ್ ಬರೆಯುವವರಿಗೆ ಇದು ಆಡಿಟ್‌ನ ಭಾಗ. ಅದೇ ಕಟ್ಟಡದ ಇನ್ನೊಂದು ಮಹಡಿಯಲ್ಲಿ ಬ್ಯಾಂಕಿಂಗ್ ಆಪ್ ಕಟ್ಟುವ ಜಾವಾ ತಂಡಕ್ಕೆ ಸಾಮಾನ್ಯವಾಗಿ ಅಂಥ ಒತ್ತಾಯ ಇರುವುದಿಲ್ಲ; ಅಲ್ಲಿ ನಿಯಮ ಜಾರಿಗೆ ಬರುವುದು ಯಾರಾದರೂ ಹಟ ಹಿಡಿದರೆ ಮಾತ್ರ.

ನಿಯಮ ಇದ್ದೂ ಜಾರಿಯಲ್ಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ ಆಪಲ್‌ನ ಗೋಟು ಫೇಲ್ ದೋಷ. ಐಫೋನಿಗೆ ಅದರ ತಿದ್ದುಪಡಿ 2014ರ ಫೆಬ್ರುವರಿ 21ರಂದು ಬಂತು. ಸುರಕ್ಷಿತ ಸಂಪರ್ಕ ಏರ್ಪಡಿಸುವಾಗ ಸರ್ವರ್‌ನ ಸಹಿಯನ್ನು ಪರೀಕ್ಷಿಸುವ ಫಂಕ್ಷನ್ ಒಂದಿತ್ತು. ಅದರಲ್ಲಿ ಪ್ರತಿ ಹಂತಕ್ಕೂ ಒಂದು ಇಫ್, ಅದರ ಕೆಳಗೆ ಬ್ರೇಸ್ ಇಲ್ಲದೆ ಗೋಟು ಫೇಲ್ ಎಂಬ ಒಂದು ಸಾಲು. ಒಂದು ಕಡೆ ಆ ಸಾಲು ಎರಡು ಸಲ ಬಂದಿತ್ತು. ಮೊದಲನೆಯದು ಇಫ್‌ಗೆ ಸೇರಿದ್ದು. ಎರಡನೆಯದು, ಇಂಡೆಂಟೇಷನ್ ಏನೇ ಹೇಳಲಿ, ಯಾವ ಷರತ್ತಿಗೂ ಸೇರಿರಲಿಲ್ಲ. ಆ ಹೊತ್ತಿಗೆ ಎರರ್ ವೇರಿಯಬಲ್‌ನ ಬೆಲೆ ಸೊನ್ನೆ, ಅಂದರೆ ಯಶಸ್ಸು. ನಿಯಂತ್ರಣ ನೇರವಾಗಿ ಕೊನೆಗೆ ಜಿಗಿಯಿತು, ಸಹಿ ಪರೀಕ್ಷಿಸುವ ಕರೆ ನಡೆಯಲೇ ಇಲ್ಲ, ಫಂಕ್ಷನ್ ಎಲ್ಲ ಸರಿ ಎಂದು ಉತ್ತರಿಸಿತು.

ಇದನ್ನು ಹಿಡಿಯಲು ಹೊಸ ಸಂಶೋಧನೆ ಏನೂ ಬೇಕಿರಲಿಲ್ಲ. ಇಫ್‌ನ ದೇಹಕ್ಕೆ ಬ್ರೇಸ್ ಇರಲೇಬೇಕು ಎಂಬ ನಿಯಮ ಮಿಸ್ರಾದಲ್ಲಿದೆ. ತಲುಪಲಾಗದ ಕೋಡ್ ಇರಬಾರದು ಎಂಬುದೂ ಇದೆ. ಕ್ಲ್ಯಾಂಗ್ ಕಂಪೈಲರ್‌ನಲ್ಲಿ ತಲುಪಲಾಗದ ಕೋಡಿಗೆ ಪ್ರತ್ಯೇಕ ವಾರ್ನಿಂಗ್ ಇತ್ತು. ಆದರೆ ಎಲ್ಲ ವಾರ್ನಿಂಗ್‌ಗಳನ್ನೂ ತರುತ್ತದೆಂದು ಅನೇಕರು ನಂಬಿರುವ ಡಬ್ಲ್ಯೂ-ಆಲ್ ಎಂಬ ಸ್ವಿಚ್‌ನಲ್ಲಿ ಅದು ಸೇರಿರಲಿಲ್ಲ. ಹೆಸರು ಹಿಡಿದು ಕೇಳಬೇಕಿತ್ತು. ದಾರಿ ತಪ್ಪಿಸುವ ಇಂಡೆಂಟೇಷನ್ನಿನ ಮೇಲೆ ಎಚ್ಚರಿಸುವ ವಾರ್ನಿಂಗ್ 2016ರ ಜಿಸಿಸಿ 6ನೇ ಆವೃತ್ತಿಯಲ್ಲಿ ಬಂದು, ಈ ಸಲ ಡಬ್ಲ್ಯೂ-ಆಲ್‌ನೊಳಗೇ ಸೇರಿತು.

ಜಾವಾ ಜಗತ್ತಿನಲ್ಲಿ ಇದೇ ಬಗೆಯ ಒಂದು ಬಲೆ ಇನ್ನೂ ಸಣ್ಣದು, ಆದ್ದರಿಂದ ಕಣ್ಣಿಗೆ ಬೀಳುವುದೂ ಕಷ್ಟ. ಮೇವನ್‌ನ ಚೆಕ್‌ಸ್ಟೈಲ್ ಪ್ಲಗಿನ್‌ನಲ್ಲಿ ವರದಿ ಮಾತ್ರ ಬರೆಯುವ ಗೋಲ್ ಒಂದು, ತಪ್ಪು ಕಂಡರೆ ಬಿಲ್ಡ್ ಒಡೆಯುವ ಚೆಕ್ ಎಂಬ ಗೋಲ್ ಇನ್ನೊಂದು. ಮೊದಲನೆಯದನ್ನು ಸೇರಿಸಿ ಕೆಲಸ ಮುಗಿಯಿತೆಂದು ತಿಳಿದ ಪ್ರಾಜೆಕ್ಟ್‌ಗಳು ಸಾಕಷ್ಟಿವೆ. ಚೆಕ್ ಸೇರಿಸಿದರೂ ಸಾಲದು. ಅದು ತಾನಾಗಿ ಬಿಲ್ಡ್ ಒಡೆಯುವುದು ಎರರ್ ಮಟ್ಟದ ಉಲ್ಲಂಘನೆಗೆ ಮಾತ್ರ. ಚೆಕ್‌ಸ್ಟೈಲ್‌ನೊಂದಿಗೇ ಬರುವ ಗೂಗಲ್ ಶೈಲಿಯ ನಿಯಮಾವಳಿಯೋ ಎಲ್ಲವನ್ನೂ ವಾರ್ನಿಂಗ್ ಮಟ್ಟದಲ್ಲಿ ಇಟ್ಟಿರುತ್ತದೆ. ಎರಡನ್ನೂ ಹಾಗೆಯೇ ಜೋಡಿಸಿದವರಿಗೆ ಲಾಗ್ ತುಂಬ ವಾರ್ನಿಂಗ್, ಕೊನೆಗೆ ಬಿಲ್ಡ್ ಸಕ್ಸೆಸ್. ಡಾಟ್‌ನೆಟ್‌ನಲ್ಲೂ ಕಥೆ ದೂರದ್ದಲ್ಲ. 2020ರ ಡಾಟ್‌ನೆಟ್ 5ರಿಂದ ಅನಲೈಸರ್‌ಗಳು ಎಸ್‌ಡಿಕೆಯೊಳಗೇ ಬರುತ್ತವೆ, ಆದರೆ ಹೆಚ್ಚಿನ ನಿಯಮಗಳು ಸಲಹೆಯ ಮಟ್ಟದಲ್ಲೋ ಮರೆಯಲ್ಲೋ ಇರುತ್ತವೆ. ಎಡಿಟರ್‌ಕಾನ್ಫಿಗ್ ಫೈಲ್‌ನಂಥ ಕಡೆ ಮಟ್ಟ ಏರಿಸಿದ ಮೇಲೆಯೇ ಅವು ಬಿಲ್ಡ್‌ಗೆ ತಡೆಯಾಗುವುದು. ಆದ್ದರಿಂದ ಯಾವ ಟೂಲ್ ಜೋಡಿಸಿದರೂ ಮಾಡಬೇಕಾದ ಮೊದಲ ಪರೀಕ್ಷೆ ಒಂದೇ: ಬೇಕೆಂದೇ ನಿಯಮ ಮುರಿಯುವ ನಾಲ್ಕು ಸಾಲು ಬರೆದು ಬಿಲ್ಡ್ ಕೆಂಪಾಗುತ್ತದೆಯೇ ಎಂದು ನೋಡುವುದು.

ವರದಿಗೂ ತಡೆಗೂ ಇರುವ ಅಂತರ ಎಷ್ಟು ದೊಡ್ಡದೆಂದು ಅಳೆದವರಿದ್ದಾರೆ. ಫೇಸ್‌ಬುಕ್‌ನ ಇಂಜಿನಿಯರುಗಳು 2019ರಲ್ಲಿ ಬರೆದ ಲೇಖನದ ಪ್ರಕಾರ, ಇನ್ಫರ್ ಟೂಲ್ ರಾತ್ರಿ ಓಡಿ ತಪ್ಪುಗಳ ಪಟ್ಟಿಯನ್ನು ಡೆವಲಪರ್‌ಗಳಿಗೆ ಕೊಟ್ಟಾಗ ಸರಿಪಡಿಸಿದ ಪ್ರಮಾಣ ಸೊನ್ನೆಯ ಹತ್ತಿರ. ಅದೇ ಟೂಲ್ ಕೋಡ್ ರಿವ್ಯೂ ಹಂತದಲ್ಲಿ, ಬರೆದವನ ತಲೆಯಲ್ಲಿ ಆ ಕೋಡ್ ಇನ್ನೂ ಇರುವಾಗಲೇ ಹೇಳಿದಾಗ ಪ್ರಮಾಣ ಶೇಕಡಾ 70 ದಾಟಿತು. ಗೂಗಲ್ ಕೂಡ ಇದೇ ದಾರಿ ಸುತ್ತಿತು. ಫೈಂಡ್‌ಬಗ್ಸ್ ಎಂಬ ಟೂಲ್‌ನ ಫಲಿತಾಂಶಗಳಿಗೆ ಡ್ಯಾಶ್‌ಬೋರ್ಡ್ ಮಾಡಿ ನೋಡಿದರು, ಅತ್ತ ಸುಳಿದವರು ಕಡಿಮೆ. 2009ರಲ್ಲಿ ನೂರಾರು ಇಂಜಿನಿಯರುಗಳನ್ನು ಕೂಡಿಸಿ ಸಾವಿರಾರು ವಾರ್ನಿಂಗ್‌ಗಳನ್ನು ಪರಿಶೀಲಿಸಿದರು. ಬಗ್‌ಗಳೇನೋ ಬಹಳ ದಾಖಲಾದವು, ಪರಿಶೀಲಿಸಿದವುಗಳಲ್ಲಿ ನಿಜವಾಗಿ ಸರಿಯಾದದ್ದು ಶೇಕಡಾ 16. ಕಡೆಗೆ ಅಲ್ಲಿ ನೆಲೆಗೊಂಡ ಪದ್ಧತಿ ಹೀಗೆ: ಕಂಪೈಲ್ ಹಂತದ ನಿಯಮ ಎರರ್ ಆಗಿರಬೇಕು, ಇಲ್ಲವಾದರೆ ಕಂಪೈಲ್ ಹಂತದಲ್ಲಿ ಕಾಣಿಸಿಕೊಳ್ಳಲೇಬಾರದು. ನಡುವಿನ ವಾರ್ನಿಂಗ್ ಎಂಬ ಮಟ್ಟವನ್ನು ಅವರು ಬಿಟ್ಟರು.

ಹಾಗಾದರೆ ಇರುವ ನಿಯಮಗಳನ್ನೆಲ್ಲ ಎರರ್ ಮಾಡಿಬಿಡಬಾರದೇಕೆ? ಉತ್ತರ ಗಣಿತದಲ್ಲಿದೆ. 1953ರ ರೈಸ್ ಪ್ರಮೇಯದ ಪ್ರಕಾರ, ಪ್ರೋಗ್ರಾಮೊಂದರ ನಡವಳಿಕೆಯ ಬಗ್ಗೆ ಹುರುಳಿರುವ ಯಾವ ಪ್ರಶ್ನೆಗೂ ಎಲ್ಲ ಪ್ರೋಗ್ರಾಮುಗಳ ವಿಷಯದಲ್ಲಿ ತಪ್ಪದೆ ಉತ್ತರಿಸುವ ವಿಧಾನ ಇರಲಾರದು. ಆದ್ದರಿಂದ ಆಳದ ನಿಯಮಗಳು ಒಂದೋ ಕೆಲವು ತಪ್ಪುಗಳನ್ನು ಬಿಡುತ್ತವೆ, ಇಲ್ಲವೇ ಸರಿಯಾದ ಕೋಡಿನ ಮೇಲೂ ದೂರುತ್ತವೆ. ಬಹುತೇಕ ಎರಡನ್ನೂ ಮಾಡುತ್ತವೆ. ತೋಳ ಬಂತು ತೋಳ ಎಂದು ಕೂಗುವ ಹುಡುಗನಿಗೆ ಎಷ್ಟು ಸಲದ ತನಕ ಊರಿನವರು ಓಡಿ ಬರುತ್ತಾರೆ ಎಂಬ ಪ್ರಶ್ನೆಗೂ ಒಂದು ಅಂದಾಜು ಉತ್ತರವಿದೆ. ಕವೆರಿಟಿ ಟೂಲ್ ಕಟ್ಟಿದವರು 2010ರಲ್ಲಿ ತಮ್ಮ ಅನುಭವ ಬರೆಯುತ್ತ, ಸುಳ್ಳು ದೂರು ಶೇಕಡಾ 30 ಮೀರಿದರೆ ಜನ ಟೂಲನ್ನೇ ಕಡೆಗಣಿಸುತ್ತಾರೆ ಎಂದರು. ಆಮೇಲೆ ನಿಜವಾದ ದೋಷವನ್ನೂ ಸುಳ್ಳೆಂದೇ ತಳ್ಳಿಹಾಕುತ್ತಾರೆ.

ಈ ಪ್ರಶ್ನೆಯ ಮೇಲೆ ಪುಣೆಯಲ್ಲಿ ನಡೆದಿರುವ ಕೆಲಸ ಗಮನಿಸಬೇಕಾದ್ದು. ಟಿಸಿಎಸ್ ಸಂಶೋಧನಾ ಕೇಂದ್ರದ ತುಕಾರಾಮ್ ಮುಸ್ಕೆ, ನೆದರ್ಲೆಂಡ್ಸ್‌ನ ಅಲೆಕ್ಸಾಂಡರ್ ಸೆರೆಬ್ರೆನಿಕ್ ಜೊತೆಗೂಡಿ, ಟೂಲ್ ಎಬ್ಬಿಸುವ ದೂರುಗಳನ್ನು ನಿಭಾಯಿಸುವ ವಿಧಾನಗಳ ಸಮೀಕ್ಷೆಯನ್ನು 2016ರಲ್ಲಿ ಪ್ರಕಟಿಸಿದರು. ಒಂದರಂತೆಯೇ ಇರುವ ದೂರುಗಳನ್ನು ಗುಂಪು ಮಾಡುವುದು, ಯಾವುದು ನಿಜವಿರಬಹುದೆಂದು ಸಾಲು ಹಚ್ಚುವುದು, ಇನ್ನೂ ನಿಖರವಾದ ಪರೀಕ್ಷೆಯಿಂದ ಸುಳ್ಳನ್ನು ಸೋಸುವುದು ಇವೆಲ್ಲ ಅದರಲ್ಲಿವೆ. 2018ರಲ್ಲಿ ಅವರು ಇನ್ನೊಬ್ಬ ಸಹೋದ್ಯೋಗಿಯೊಂದಿಗೆ ಮುಂದಿಟ್ಟ ಯೋಚನೆ ಸರಳವೂ ಸೊಗಸೂ ಆದದ್ದು. ಹೊರಗಿನಿಂದ ಬಂದ ಒಂದು ಇಂಡೆಕ್ಸ್‌ನ ಮಿತಿ ಟೂಲ್‌ಗೆ ಗೊತ್ತಿಲ್ಲ ಎಂದಿಟ್ಟುಕೊಂಡರೆ, ಅದನ್ನು ಬಳಸಿದ ಐದು ಕಡೆಯೂ ಐದು ದೂರು ಏಳುತ್ತವೆ. ಡೆವಲಪರ್ ಐದನ್ನೂ ತೆರೆದು, ಐದು ಸಲವೂ ಹಿಂದಕ್ಕೆ ನಡೆದು ಅದೇ ಜಾಗಕ್ಕೆ ಬರಬೇಕು. ಅದರ ಬದಲು ದೂರನ್ನೇ ಕಾರಣದ ಹತ್ತಿರಕ್ಕೆ ಸರಿಸಿದರೆ ಐದರ ಜಾಗದಲ್ಲಿ ಒಂದೇ ಉಳಿಯುತ್ತದೆ, ನೋಡಬೇಕಾದ ಸಾಲೂ ಕಣ್ಣೆದುರೇ ಇರುತ್ತದೆ. ಟೂಲ್ ಆರಿಸುವಾಗ ಅದರಲ್ಲಿ ಎಷ್ಟು ನಿಯಮಗಳಿವೆ ಎಂದು ಕೇಳುವುದಕ್ಕಿಂತ ದೂರುಗಳನ್ನು ಅದು ಹೇಗೆ ಒಟ್ಟುಮಾಡಿ ತೋರಿಸುತ್ತದೆ ಎಂದು ಕೇಳುವುದು ಹೆಚ್ಚು ಲಾಭ.

ಹಳೆಯ ಕೋಡ್‌ಬೇಸಿನಲ್ಲಿ ನಿಯಮ ಜಾರಿಗೊಳಿಸುವ ಕೆಲಸಕ್ಕೆ ಹೀಗಾಗಿ ಒಂದು ಕ್ರಮ ಬೇಕು. ಹತ್ತು ವರ್ಷ ಹಲವು ಕೈ ದಾಟಿ ಬಂದ ಪ್ರಾಜೆಕ್ಟ್‌ನಲ್ಲಿ ಎಲ್ಲ ನಿಯಮಗಳನ್ನೂ ಒಂದೇ ದಿನ ಎರರ್ ಮಾಡಿದರೆ ಸಾವಿರಾರು ದೂರು ಬರುತ್ತವೆ, ಬಿಲ್ಡ್ ಮುರಿಯುತ್ತದೆ, ಸಂಜೆಯೊಳಗೆ ಆ ಸ್ವಿಚ್ ಹಿಂದಕ್ಕೆ ಹೋಗಿರುತ್ತದೆ. ಮತ್ತೆ ಅದನ್ನು ಮುಟ್ಟಲು ವರ್ಷಗಟ್ಟಲೆ ಯಾರೂ ಧೈರ್ಯ ಮಾಡುವುದಿಲ್ಲ. ಇದಕ್ಕೆ ಪರಿಹಾರ ಬೇಸ್‌ಲೈನ್. ಇಂದಿರುವ ದೂರುಗಳನ್ನೆಲ್ಲ ಒಂದು ಫೈಲ್‌ಗೆ ಬರೆದಿಟ್ಟು, ಅವನ್ನು ಮನ್ನಿಸಿ, ನಾಳೆಯಿಂದ ಹೊಸದಾಗಿ ಹುಟ್ಟುವ ದೂರಿಗೆ ಮಾತ್ರ ಬಿಲ್ಡ್ ಒಡೆಯುವುದು. ಆಂಡ್ರಾಯ್ಡ್ ಲಿಂಟ್, ಕಾಟ್ಲಿನ್‌ನ ಡಿಟೆಕ್ಟ್, ಪಿಎಚ್‌ಪಿಸ್ಟ್ಯಾನ್ ಮುಂತಾದವುಗಳಲ್ಲಿ ಈ ಸೌಲಭ್ಯ ಸಿದ್ಧವಾಗಿಯೇ ಇದೆ. ಸೋನಾರ್‌ಕ್ಯೂಬ್ ಇದನ್ನೇ ಹೊಸ ಕೋಡ್ ಎಂಬ ಪರಿಕಲ್ಪನೆಯ ಮೂಲಕ ಸಾಧಿಸುತ್ತದೆ. ಬೇಸ್‌ಲೈನ್‌ಗೆ ಎರಡು ರೋಗಗಳಿವೆ. ಸಾಲಿನ ಸಂಖ್ಯೆಯನ್ನೇ ನಂಬಿದ ಬೇಸ್‌ಲೈನ್, ಮೇಲೆ ನಾಲ್ಕು ಸಾಲು ಸೇರಿದ ಕೂಡಲೇ ಹಳೆಯ ದೂರನ್ನು ಹೊಸದೆಂದು ಎಣಿಸುತ್ತದೆ. ಎರಡನೆಯದು, ಬಿಲ್ಡ್ ಕೆಂಪಾದಾಗಲೆಲ್ಲ ಬೇಸ್‌ಲೈನನ್ನೇ ಮತ್ತೆ ಬರೆದುಬಿಡುವ ಚಾಳಿ. ಹೊಸ ನಿಯಮ ತರುವ ದಿನ ಬಿಟ್ಟರೆ ಆ ಫೈಲ್ ಚಿಕ್ಕದಾಗಬಹುದು, ದೊಡ್ಡದಾಗಬಾರದು ಎಂಬ ಪರೀಕ್ಷೆಯೂ ಬಿಲ್ಡ್‌ನಲ್ಲೇ ಇದ್ದರೆ ಎರಡನೆಯ ರೋಗ ವಾಸಿಯಾಗುತ್ತದೆ.

ಮೊದಲು ಯಾವ ನಿಯಮಗಳು? ಬೆಲೆ ಕೊಡದ ವೇರಿಯಬಲ್, ನಲ್, ತಲುಪಲಾಗದ ಕೋಡ್, ಮುಚ್ಚದೆ ಬಿಟ್ಟ ಫೈಲ್ ಅಥವಾ ಕನೆಕ್ಷನ್, ಫಾರ್ಮ್ಯಾಟ್ ಸ್ಟ್ರಿಂಗ್‌ಗೆ ಹೊಂದದ ಆರ್ಗ್ಯುಮೆಂಟ್, ಕಡೆಗಣಿಸಿದ ರಿಟರ್ನ್ ಬೆಲೆ. ಇವುಗಳಲ್ಲಿ ಸಾಬೀತಾದ ಹೆಚ್ಚಿನವು ಓಡುವಾಗ ಕೈಕೊಡುವಂಥವು. ತಿದ್ದಿದ ಡೆವಲಪರ್‌ಗೆ ತಿದ್ದಿದ ಲಾಭ ಕಾಣುತ್ತದೆ. ಸ್ಪೇಸ್, ಸಾಲಿನ ಉದ್ದ, ಬ್ರೇಸ್ ಯಾವ ಸಾಲಿನಲ್ಲಿರಬೇಕು ಎಂಬುವನ್ನು ಫಾರ್ಮ್ಯಾಟರ್ ತಾನೇ ಸರಿಮಾಡಬಲ್ಲದು, ಅದಕ್ಕೆ ಮನುಷ್ಯನನ್ನು ದಂಡಿಸುವುದು ಅನ್ಯಾಯ. ವೇರಿಯಬಲ್ ಹೆಸರು ಹೀಗಿಲ್ಲ ಎಂದು ಬಿಲ್ಡ್ ಒಡೆಯುವ ತಂಡ ತನ್ನ ವಿಶ್ವಾಸವನ್ನು ಅಗ್ಗದ ಕಡೆ ಖರ್ಚು ಮಾಡುತ್ತದೆ. ನಲ್ ನಿಯಮದ ಸರದಿ ಬರುವಷ್ಟರಲ್ಲಿ ಎಲ್ಲರಿಗೂ ನಿಯಮ ಎಂದರೆ ರೇಜಿಗೆಯಾಗಿರುತ್ತದೆ.

ನಿಯಮವನ್ನು ಮೀರಬೇಕಾದ ಸಂದರ್ಭ ಬಂದೇ ಬರುತ್ತದೆ. ಹಾರ್ಡ್‌ವೇರ್ ರಿಜಿಸ್ಟರ್‌ನ ವಿಳಾಸವನ್ನು ಪೂರ್ಣಾಂಕದಿಂದ ಪಾಯಿಂಟರ್‌ಗೆ ತಿರುಗಿಸದೆ ಸಾಮಾನ್ಯವಾಗಿ ಡ್ರೈವರ್ ಬರೆಯಲಾಗದು. ಮಿಸ್ರಾ ಇದನ್ನು ಒಪ್ಪಿ, ಡೀವಿಯೇಷನ್ ಎಂಬ ವಿಧಾನವನ್ನೇ ಕೊಟ್ಟಿದೆ: ಯಾವ ನಿಯಮ, ಎಲ್ಲಿ, ಏಕೆ, ಅಪಾಯ ಏನು ಎಂದು ದಾಖಲೆ ಮಾಡುವುದು. ಅದರ ಕಡ್ಡಾಯ ಎಂಬ ವರ್ಗದ ನಿಯಮಗಳಿಗೆ ಮಾತ್ರ ಈ ವಿನಾಯಿತಿ ಇಲ್ಲ. ವಾಹನ ಬಿಟ್ಟು ಬೇರೆ ಕಡೆಯೂ ಇಷ್ಟನ್ನು ಅನುಸರಿಸಬಹುದು: ದೂರನ್ನು ಸಪ್ರೆಸ್ ಮಾಡುವ ಗುರುತು ಒಂದೇ ಸಾಲಿಗೆ, ಒಂದೇ ನಿಯಮಕ್ಕೆ ಸೀಮಿತವಾಗಿರಬೇಕು, ಪಕ್ಕದಲ್ಲಿ ಕಾರಣ ಬರೆದಿರಬೇಕು. ಇಡೀ ಫೈಲ್‌ಗೆ ಎಲ್ಲ ನಿಯಮಗಳನ್ನೂ ಆಫ್ ಮಾಡುವ ಗುರುತು ರಿವ್ಯೂನಲ್ಲಿ ಪಾಸಾಗಬಾರದು.

ಸಪ್ರೆಸ್ ಮಾಡುವುದಕ್ಕಿಂತ ಅಪಾಯ, ಅರ್ಥವಾಗದೆ ಸರಿಪಡಿಸುವುದು. ಡೆಬಿಯನ್ ಲಿನಕ್ಸ್‌ನಲ್ಲಿ 2006ರಲ್ಲಿ ಹೀಗಾಯಿತು. ಸುರಕ್ಷಿತ ಸಂಪರ್ಕದ ಲೈಬ್ರರಿಯಾದ ಓಪನ್ಎಸ್ಎಸ್ಎಲ್‌ನ ಕೋಡ್ ಬೆಲೆ ಕೊಡದ ಮೆಮೊರಿ ಬಳಸುತ್ತಿದೆ ಎಂದು ವಾಲ್‌ಗ್ರೈಂಡ್ ದೂರಿತು. ಅದು ಪ್ರೋಗ್ರಾಮನ್ನು ಓಡಿಸಿ ನೋಡುವ ಟೂಲ್, ಸ್ಟ್ಯಾಟಿಕ್ ಅಲ್ಲ. ಪಾಠ ಮಾತ್ರ ಎರಡಕ್ಕೂ ಒಂದೇ. ದೂರು ಹೋಗಲೆಂದು ಸಾಲುಗಳನ್ನು ಕಾಮೆಂಟ್ ಮಾಡಲಾಯಿತು. ಅದರಲ್ಲೊಂದು ಯಾದೃಚ್ಛಿಕ ಸಂಖ್ಯೆಗೆ ಮೂಲಸಾಮಗ್ರಿ ಸೇರಿಸುವ ಸಾಲೇ ಆಗಿತ್ತು. ಆಮೇಲೆ ಎನ್‌ಕ್ರಿಪ್ಷನ್ ಕೀಲಿಯ ಬೀಜವಾಗಿ ಉಳಿದದ್ದು ಹೆಚ್ಚುಕಡಿಮೆ ಪ್ರೋಸೆಸ್ ಸಂಖ್ಯೆಯೊಂದೇ, ಅಂದರೆ 32,768 ಸಾಧ್ಯತೆಗಳು. ದೋಷ ಬಯಲಾದದ್ದು 2008ರ ಮೇನಲ್ಲಿ; ಅಷ್ಟರಲ್ಲಿ ಆ ಕೋಡಿನಿಂದ ತಯಾರಾಗಿದ್ದ ಕೀಲಿಗಳನ್ನೆಲ್ಲ ಬದಲಿಸಬೇಕಾಯಿತು. ದೂರುಗಳ ಸಂಖ್ಯೆಯನ್ನು ತಿಂಗಳ ಗುರಿಯಾಗಿ ಇಟ್ಟ ಕಡೆ, ಗ್ರಾಹಕನ ಸ್ಲೈಡ್‌ಗೆ ಸೊನ್ನೆ ಬೇಕೆಂದು ಹೊಸಬರನ್ನು ಕೂಡಿಸಿ ರಾಶಿಗಟ್ಟಲೆ ತಿದ್ದಿಸುವ ಕಡೆ ಇಂಥದಕ್ಕೆ ದಾರಿ ತೆರೆದೇ ಇರುತ್ತದೆ. ಸರ್ವಿಸ್ ಪ್ರಾಜೆಕ್ಟ್‌ಗಳಲ್ಲಿ ಇದು ಅಪರೂಪವಲ್ಲ.

ಟೂಲ್ ಕಾಣದಿರುವುದೂ ಉಂಟು. 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವಿದ್ದ ಓಪನ್ಎಸ್ಎಸ್ಎಲ್ ಕೋಡನ್ನು ಕವೆರಿಟಿ ಪರೀಕ್ಷಿಸುತ್ತಲೇ ಇತ್ತು, ಆದರೂ ಹಿಡಿಯಲಿಲ್ಲ. ನೆಟ್‌ವರ್ಕ್‌ನಿಂದ ಬಂದ ಉದ್ದ ನಂಬಿಕೆಗೆ ಅರ್ಹವಲ್ಲ ಎಂಬುದು ಅದಕ್ಕೆ ತಿಳಿಯುತ್ತಿರಲಿಲ್ಲ. ಬೈಟ್‌ಗಳ ಕ್ರಮ ಅದಲುಬದಲು ಮಾಡಿದ ಬೆಲೆ ಬಹುಶಃ ಹೊರಗಿನದು ಎಂದು ಊಹಿಸುವ ನಿಯಮವನ್ನು ಆಮೇಲೆ ಸೇರಿಸಲಾಯಿತು. ಬಿಲ್ಡ್ ಹಸಿರಾಗಿದೆ ಎಂದರೆ ಜಾರಿಯಲ್ಲಿರುವ ನಿಯಮಗಳಿಗೆ ದೂರು ಇಲ್ಲ ಎಂದಷ್ಟೇ ಅರ್ಥ. ಟೆಸ್ಟ್‌ಗಳೂ ಮನುಷ್ಯರ ರಿವ್ಯೂವೂ ಬದಿಗೆ ಸರಿಯುವುದಿಲ್ಲ.

ಉಳಿದದ್ದು ಜೋಡಣೆಯ ವಿವರ. ನಿಯಮಗಳ ಫೈಲ್ ಕೋಡಿನ ಜೊತೆಗೇ ರೆಪೊದಲ್ಲಿರಬೇಕು. ಒಬ್ಬರ ಲ್ಯಾಪ್‌ಟಾಪಿನಲ್ಲಿ ಒಂದು, ಸಿಐ ಸರ್ವರ್‌ನಲ್ಲಿ ಇನ್ನೊಂದು ಇದ್ದರೆ ಜಗಳ ಖಚಿತ. ಮೇಲ್ಮೈ ನಿಯಮಗಳು ಪ್ರತಿ ಬಿಲ್ಡ್‌ನಲ್ಲಿ, ಆಳದವು ಪಿಆರ್ ಹಂತದಲ್ಲಿ ಬದಲಾದ ಫೈಲ್‌ಗಳ ಮೇಲೆ, ಇಡೀ ಕೋಡ್‌ಬೇಸಿನ ಓಟ ರಾತ್ರಿಯಲ್ಲಿ. ಕೋಡ್ ಜನರೇಟರ್‌ಗಳು ಉತ್ಪಾದಿಸಿದ ಕೋಡನ್ನೂ ಹೊರಗಿನ ಲೈಬ್ರರಿಗಳನ್ನೂ ಹೊರಗಿಡಬೇಕು; ಅಲ್ಲಿನ ತಪ್ಪು ತಿದ್ದುವ ಅಧಿಕಾರ ತಂಡಕ್ಕಿಲ್ಲ. ಎಲ್ಲ ವಾರ್ನಿಂಗ್‌ಗಳನ್ನೂ ಎರರ್ ಮಾಡುವ ಡಬ್ಲ್ಯೂ-ಎರರ್ ತಂಡದೊಳಗಿನ ಸಿಐಗೆ ಒಳ್ಳೆಯದು. ಬೇರೆಯವರು ತಮ್ಮ ಯಂತ್ರದಲ್ಲಿ ಕಂಪೈಲ್ ಮಾಡಿಕೊಳ್ಳುವ ಸೋರ್ಸ್‌ನಲ್ಲಿ ಅದನ್ನು ಬಿಟ್ಟರೆ, ಮುಂದಿನ ಕಂಪೈಲರ್ ಹೊಸದೊಂದು ವಾರ್ನಿಂಗ್ ತಂದ ದಿನ ಅವರ ಬಿಲ್ಡ್ ಕಾರಣವಿಲ್ಲದೆ ಮುರಿಯುತ್ತದೆ. ಇದೇ ಕಾರಣಕ್ಕೆ ಕಂಪೈಲರ್, ಅನಲೈಸರ್ ಎರಡರ ಆವೃತ್ತಿಯನ್ನೂ ಸಂಖ್ಯೆ ಹಾಕಿ ಕಟ್ಟಿಹಾಕಬೇಕು. ಡಾಟ್‌ನೆಟ್‌ನಲ್ಲಿ ನಿಯಮಗಳ ತಲೆಮಾರನ್ನೇ ಅನಾಲಿಸಿಸ್ ಲೆವೆಲ್ ಎಂಬ ಸೆಟ್ಟಿಂಗ್‌ನಿಂದ ಹಿಡಿದಿಡಬಹುದು. ಆವೃತ್ತಿ ಏರಿಸುವುದು ಪ್ರತ್ಯೇಕ ಪಿಆರ್ ಆಗಿರಲಿ: ಹೊಸ ನಿಯಮಗಳು ಎಬ್ಬಿಸಿದ ದೂರು, ಅವಕ್ಕೆ ಮಾಡಿದ ತಿದ್ದುಪಡಿ ಅಥವಾ ಬೇಸ್‌ಲೈನ್ ಅದರಲ್ಲೇ ಇರಲಿ, ಫೀಚರ್‌ನ ಕೋಡ್ ಒಂದು ಸಾಲೂ ಬೇಡ. ನಿಯಮಗಳ ಫೈಲ್ ಬದಲಿಸುವ ಪಿಆರ್‌ಗೆ ಕನಿಷ್ಠ ಇಬ್ಬರ ಒಪ್ಪಿಗೆ ಬೇಕೆಂದು ರೆಪೊದಲ್ಲೇ ಕಟ್ಟುಪಾಡು ಹಾಕಬಹುದು. ರಿಲೀಸ್‌ನ ಹಿಂದಿನ ರಾತ್ರಿ ಒಬ್ಬರೇ ಕೂತು ನಿಯಮವೊಂದನ್ನು ಸದ್ದಿಲ್ಲದೆ ಆಫ್ ಮಾಡುವುದು ಆಗ ಸಾಧ್ಯವಾಗುವುದಿಲ್ಲ.